ಮೊದಲು ಕೂಲಿ, ಆಮೇಲೆ ಹೆಂಗಸರ ವಿಷಯ: ಈ ಸರದಿ ಸರಿಯೇ?

ಪ್ರಶ್ನೆ: ಹೊಲಿಗೆ ಕಾರ್ಮಿಕೆ, ಮದ್ದೂರು ತಾಲ್ಲೂಕು

ಹನ್ನೊಂದು ವರ್ಷಗಳಿಂದ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಟೈಲರ್ ಆಗಿ ದುಡಿಯುತ್ತಿದ್ದೇನೆ, ಎರಡು ವರ್ಷಗಳಿಂದ ನಮ್ಮ ಕಾರ್ಮಿಕ ಸಂಘದ ಘಟಕ ಸಮಿತಿಯಲ್ಲಿದ್ದೇನೆ. ಮೆಷಿನ್ ಮುಂದೆ ಕೂರುವ ಹತ್ತು ಜನರಲ್ಲಿ ಒಂಬತ್ತು ಮಂದಿ ಹೆಂಗಸರು. ಸಮಿತಿಯಲ್ಲಿ ಕೂರುವ ಒಂಬತ್ತು ಜನರಲ್ಲಿ ಹೆಂಗಸರು ಇಬ್ಬರು. ಕಳೆದ ತಿಂಗಳು ಹೊಸ ಒಪ್ಪಂದಕ್ಕೆ ಬೇಡಿಕೆ ಪಟ್ಟಿ ಬರೆಯುವ ಸಭೆಯಲ್ಲಿ ನಾನು ಮೂರು ವಿಷಯಗಳನ್ನು ಎತ್ತಿದೆ. ಮಕ್ಕಳನ್ನು ಬಿಡುವ ಕೋಣೆಗೆ ಬೋರ್ಡ್ ಇದೆ, ಆದರೆ ನೋಡಿಕೊಳ್ಳುವ ಆಯಾ ಇಲ್ಲ. ಶೌಚಾಲಯಕ್ಕೆ ಹೋಗಬೇಕಾದರೆ ಲೈನಿಗೆ ಒಂದೇ ಟೋಕನ್ ಇದ್ದು, ಅದಕ್ಕಾಗಿ ಕಾಯಬೇಕು. ಹಾಗಾಗಿ ನಮ್ಮಲ್ಲಿ ಹಲವರು ಹಗಲೆಲ್ಲ ನೀರು ಕುಡಿಯುವುದನ್ನೇ ಬಿಟ್ಟಿದ್ದಾರೆ. ಟಾರ್ಗೆಟ್ ತಪ್ಪಿದಾಗ ಸೂಪರ್‌ವೈಸರ್ ಬಾಯಲ್ಲಿ ಬರುವ ಮಾತುಗಳನ್ನು ಇಲ್ಲಿ ಬರೆಯಲಾರೆ.

ನಮ್ಮ ಹಿರಿಯ ಮುಖಂಡರೊಬ್ಬರು ಸಮಾಧಾನವಾಗಿಯೇ ಹೇಳಿದರು: ಇವೆಲ್ಲ ನ್ಯಾಯವಾದ ಮಾತುಗಳು, ಆದರೆ ಮೊದಲು ಕೂಲಿ ಮತ್ತು ತುಟ್ಟಿಭತ್ಯೆ ತೀರ್ಮಾನವಾಗಲಿ, ಈಗಲೇ ಹೆಂಗಸರ ವಿಷಯವನ್ನು ಬೇರೆಯಾಗಿ ಎತ್ತಿದರೆ ಒಗ್ಗಟ್ಟು ಒಡೆಯುತ್ತದೆ, ಅದನ್ನೇ ಮ್ಯಾನೇಜ್‌ಮೆಂಟ್ ಕಾಯುತ್ತಿದೆ. ಅವರು ಕೆಟ್ಟ ಮನಸ್ಸಿನವರಲ್ಲ. ಕೆಲವರನ್ನು ಕೆಲಸದಿಂದ ತೆಗೆದಾಗ ಗೇಟಿನ ಮುಂದೆ ಮಳೆಯಲ್ಲಿ ನಮ್ಮ ಜೊತೆ ರಾತ್ರಿಯೆಲ್ಲ ಕೂತವರು. ಆದ್ದರಿಂದಲೇ ಅವರ ಮಾತು ನನ್ನನ್ನು ಹೆಚ್ಚು ಕಾಡುತ್ತಿದೆ.

ತೀವ್ರವಾದ ಹೋರಾಟಗಳನ್ನು ಕಟ್ಟಿದ ಕಾರ್ಮಿಕ ಚಳವಳಿಗಳಲ್ಲಿ ಈ ಪ್ರಶ್ನೆ ಹಿಂದೆ ಬಂದಿರಲೇಬೇಕು. ಅವರು ಏನು ಮಾಡಿದರು? ಹೆಂಗಸರಿಗೆ ಪ್ರತ್ಯೇಕ ಸಮಿತಿ ಮಾಡಿಕೊಂಡರೆ ಅದು ನಿಜವಾಗಿಯೂ ವರ್ಗ ಹೋರಾಟವನ್ನು ದುರ್ಬಲಗೊಳಿಸುತ್ತದೆಯೇ? ಮುಂದಿನ ಸಭೆಯಲ್ಲಿ ಮುಂದಿಡಬಹುದಾದ ಮಾತು ಬೇಕಾಗಿದೆ.

ಉತ್ತರ: ಇತಿಹಾಸ ಅಧ್ಯಾಪಕಿ, ಮಂಡ್ಯ

ತಂಗಿ, ನಿಮ್ಮ ಮುಖಂಡರು ಹೇಳಿದ ಮಾತನ್ನು ನೂರು ವರ್ಷಗಳಿಂದ ಬೇರೆ ಬೇರೆ ಭಾಷೆಗಳಲ್ಲಿ ಪ್ರಾಮಾಣಿಕರಾದ ಮುಖಂಡರೇ ಹೇಳುತ್ತ ಬಂದಿದ್ದಾರೆ.

1912ರ ಜನವರಿಯಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲಾರೆನ್ಸ್ ಎಂಬ ಗಿರಣಿ ಪಟ್ಟಣದಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹೆಂಗಸರು ಮತ್ತು ಮಕ್ಕಳ ವಾರದ ದುಡಿಮೆಯನ್ನು 56 ಗಂಟೆಯಿಂದ 54ಕ್ಕೆ ಇಳಿಸುವ ಕಾನೂನು ಆ ವರ್ಷದ ಆರಂಭದಲ್ಲಿ ಜಾರಿಗೆ ಬಂತು. ಮಾಲೀಕರು ಗಂಟೆಗಳ ಜೊತೆಗೆ ಕೂಲಿಯನ್ನೂ ಕಡಿದರು. ಕೂಲಿಯ ಲಕೋಟೆ ತೆರೆದು ನೋಡಿ ಮೊದಲು ಮಗ್ಗ ನಿಲ್ಲಿಸಿ ಹೊರಬಂದವರು ಪೋಲೆಂಡ್ ಮೂಲದ ಹೆಂಗಸರು. ಕೆಲವೇ ದಿನಗಳಲ್ಲಿ ಹತ್ತಾರು ದೇಶಗಳಿಂದ ಬಂದ, ಒಬ್ಬರ ಮಾತು ಒಬ್ಬರಿಗೆ ತಿಳಿಯದ ಸುಮಾರು 20,000 ಜನ ಬೀದಿಗಿಳಿದಿದ್ದರು. ಹೆಂಗಸರ ರಕ್ಷಣೆಗೆಂದು ಬಂದ ಕಾನೂನು ಇಡೀ ಪಟ್ಟಣದ ಕೂಲಿಯ ಜಗಳವಾಯಿತು. ಇದರಲ್ಲಿ ಹೆಂಗಸರ ವಿಷಯ ಎಲ್ಲಿಗೆ ಮುಗಿದು ಕೂಲಿಯ ವಿಷಯ ಎಲ್ಲಿಂದ ಶುರುವಾಯಿತೆಂದು ಗೆರೆ ಎಳೆಯುವುದು ಯಾರಿಂದ ಸಾಧ್ಯ?

ಆ ಮುಷ್ಕರವನ್ನು ನಡೆಸಿದ್ದು 1905ರಲ್ಲಿ ಷಿಕಾಗೋದಲ್ಲಿ ಹುಟ್ಟಿದ, ‘ವಿಶ್ವದ ಕೈಗಾರಿಕಾ ಕಾರ್ಮಿಕರು’ ಎಂಬ ಅರ್ಥದ ಹೆಸರಿನ ಸಂಘಟನೆ. ಅದರ ಸ್ಥಾಪನಾ ಸಭೆಯಲ್ಲೇ ಕಾರ್ಮಿಕ ನಾಯಕಿ ಲೂಸಿ ಪಾರ್ಸನ್ಸ್ ಎದ್ದುನಿಂತು, ಹೆಂಗಸರು ಗುಲಾಮರ ಗುಲಾಮರಾಗಿದ್ದಾರೆ, ಕೂಲಿ ಇಳಿಸಬೇಕಾದಾಗಲೆಲ್ಲ ಬಂಡವಾಳಶಾಹಿ ಅವರನ್ನೇ ಬಳಸಿಕೊಳ್ಳುತ್ತದೆ ಎಂದು ಹೇಳಿದ್ದರು. ಲಾರೆನ್ಸ್‌ನಲ್ಲಿ ಅದೇ ಸಂಘಟನೆಯ ಎಲಿಜಬೆತ್ ಗರ್ಲಿ ಫ್ಲಿನ್ ಅವರು ಹೆಂಗಸರಿಗಾಗಿಯೇ ಪ್ರತ್ಯೇಕ ಸಭೆಗಳನ್ನು ಕರೆದರು, ಏಕೆಂದರೆ ಹೆಂಡತಿ ಸಭೆಗೆ ಹೋಗುವುದನ್ನು ಮುಷ್ಕರ ಹೂಡಿದ ಗಂಡಸರೇ ಸಹಿಸುತ್ತಿರಲಿಲ್ಲ. ಆ ಸಭೆಗಳಿಂದ ಮುಷ್ಕರ ಒಡೆಯಲಿಲ್ಲ. ಮಾರ್ಚ್‌ನಲ್ಲಿ ಮಾಲೀಕರು ಮಣಿದಾಗ ಅತಿ ಕಡಿಮೆ ಕೂಲಿಯವರಿಗೇ ಅತಿ ಹೆಚ್ಚು ಏರಿಕೆ ಸಿಕ್ಕಿತು.

‘ಈಗ ಬೇಡ’ ಎಂಬ ಮಾತಿಗೆ ಇನ್ನೊಂದು ಉದಾಹರಣೆ ರಷ್ಯಾದ ಅಂದಿನ ರಾಜಧಾನಿ ಪೆಟ್ರೊಗ್ರಾಡ್. 1917ರ ಮಾರ್ಚ್ 8ರಂದು ಬಟ್ಟೆ ಗಿರಣಿಯ ಹೆಂಗಸರು ರೊಟ್ಟಿಗಾಗಿ ಹೊರಬಂದಾಗ, ಇನ್ನೂ ಕಾಲ ಕೂಡಿ ಬಂದಿಲ್ಲವೆಂದು ಅಲ್ಲಿನ ಕ್ರಾಂತಿಕಾರಿ ಸಮಿತಿಗಳೇ ಹಿಂದೇಟು ಹಾಕಿದ್ದವು. ಒಂದು ವಾರದಲ್ಲಿ ಚಕ್ರವರ್ತಿ ಸಿಂಹಾಸನ ಬಿಟ್ಟಿದ್ದ.

ನಿಮ್ಮ ಪ್ರಶ್ನೆಗೆ ತೀರ ಹತ್ತಿರವಾದದ್ದು ಸ್ಪೇನ್. 1936ರಲ್ಲಿ ಅಲ್ಲಿನ ಅರಾಜಕತಾವಾದಿ, ಅಂದರೆ ಪ್ರಭುತ್ವವೇ ಬೇಡವೆನ್ನುವ, ಕಾರ್ಮಿಕ ಚಳವಳಿಯ ಒಳಗಿಂದಲೇ ‘ಮುಹೇರೆಸ್ ಲೀಬ್ರೆಸ್’, ಅಂದರೆ ಸ್ವತಂತ್ರ ಸ್ತ್ರೀಯರು, ಎಂಬ ಸಂಘಟನೆ ಎದ್ದಿತು. ಅದನ್ನು ಕಟ್ಟಿದ ಲೂಸಿಯಾ ಸಾಂಚೆಸ್ ಸಾವೊರ್ನಿಲ್ ಮೊದಲಾದವರು ಹೊರಗಿನವರಲ್ಲ, ಚಳವಳಿಯವರೇ. ಹೆಂಗಸರಿಗೆ ಮೂರು ಬಗೆಯ ದಾಸ್ಯವಿದೆ, ಅಜ್ಞಾನದ್ದು, ಹೆಣ್ಣಾಗಿರುವುದರದ್ದು, ದುಡಿಯುವವಳಾಗಿರುವುದರದ್ದು, ಮೂರನ್ನೂ ಒಟ್ಟಿಗೇ ಎದುರಿಸಬೇಕು ಎಂದು ಅವರು ವಾದಿಸಿದರು. ಅಕ್ಷರ ಕಲಿಸಿದರು, ಕಸುಬು ಕಲಿಸಿದರು. ನನಗೆ ಬಹಳ ಮುಖ್ಯವಾಗಿ ಕಾಣುವುದು ಅವರ ಒಂದು ಸಣ್ಣ ಏರ್ಪಾಟು: ತಾಯಂದಿರು ಸಂಘದ ಸಭೆಗೆ ಹೋಗಲೆಂದು, ಮನೆಗೇ ಬಂದು ಮಕ್ಕಳನ್ನು ನೋಡಿಕೊಳ್ಳುವವರನ್ನು ಗೊತ್ತುಮಾಡಿದ್ದರು. ಅವರ ಸದಸ್ಯತ್ವ 20,000 ದಾಟಿತು. ಹಾಗಿದ್ದೂ 1938ರಲ್ಲಿ ಚಳವಳಿಯ ಸ್ವಾಯತ್ತ ಅಂಗವೆಂದು ತಮ್ಮನ್ನು ಮಾನ್ಯ ಮಾಡಿರೆಂದು ಕೇಳಿದಾಗ, ಪ್ರತ್ಯೇಕ ಮಹಿಳಾ ಸಂಘಟನೆಯಿಂದ ಒಡಕು ಹುಟ್ಟುತ್ತದೆಂಬ ಕಾರಣ ಕೊಟ್ಟು ಚಳವಳಿಯವರು ನಿರಾಕರಿಸಿದರು. ಮರುವರ್ಷ ಅಲ್ಲಿನ ಅಂತರ್ಯುದ್ಧದಲ್ಲಿ ಎದುರಾಳಿ ಸೇನಾನಾಯಕ ಫ್ರಾಂಕೊ ಗೆದ್ದ. ಈ ನಿರಾಕರಣೆಯಿಂದಲೇ ಸೋತರೆಂದು ನಾನು ಹೇಳುವುದಿಲ್ಲ, ಸೋಲಿಗೆ ಬೇರೆ ಕಾರಣಗಳಿದ್ದವು. ಆದರೆ ಯಾರನ್ನೂ ಒಡೆಯದೆ ಕೆಲಸ ಮಾಡುತ್ತಿದ್ದವರ ಮೇಲೆ ಒಡಕಿನ ಆರೋಪ ಬಂತೆಂಬುದು ದಾಖಲೆಯಲ್ಲಿದೆ.

ನಮ್ಮ ಪಕ್ಕದ ರಾಜ್ಯದ ಮುನ್ನಾರ್ ಕೂಡ ಇದೆ. 2015ರ ಸೆಪ್ಟೆಂಬರ್‌ನಲ್ಲಿ ಚಹಾ ತೋಟದ ಹೆಂಗಸರು 20 ಶೇಕಡ ಬೋನಸ್‌ಗಾಗಿ ಹೆದ್ದಾರಿಯಲ್ಲಿ ಕೂತರು, ತಮ್ಮ ಸಂಘಗಳ ಗಂಡಸು ಮುಖಂಡರನ್ನೇ ಹತ್ತಿರ ಸೇರಿಸಲಿಲ್ಲ. ‘ಪೆಂಬಿಳೈ ಒರುಮೈ’ ಎಂಬ ಅವರ ಹೆಸರಿಗೆ ಹೆಂಗಸರ ಒಗ್ಗಟ್ಟು ಎಂದೇ ಅರ್ಥ. ಬೋನಸ್ ಸಿಕ್ಕಿತು. ಸಂಘದೊಳಗೆ ಮಾತಾಡಲು ಜಾಗ ಕೊಡದಿದ್ದರೆ ಹೆಂಗಸರು ಸಂಘವನ್ನೇ ದಾಟಿ ಹೋಗುತ್ತಾರೆಂಬುದನ್ನು ನಿಮ್ಮ ಮುಖಂಡರಿಗೆ ಗೌರವದಿಂದಲೇ ನೆನಪಿಸಿ. ಮರುವರ್ಷದ ಏಪ್ರಿಲ್‌ನಲ್ಲಿ ಪಿ.ಎಫ್. ಹಣ ತೆಗೆಯಲು ತಡೆಯೊಡ್ಡಿದ ಹೊಸ ನಿಯಮದ ವಿರುದ್ಧ ಬೆಂಗಳೂರಿನ ಹೊಸೂರು ರಸ್ತೆಗೆ ಇಳಿದ ಗಾರ್ಮೆಂಟ್ಸ್ ಹೆಂಗಸರನ್ನೂ ಯಾವ ಸಂಘವೂ ಕರೆದಿರಲಿಲ್ಲ. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು.

ಉತ್ತರ: ನಿವೃತ್ತ ಗಿರಣಿ ಕಾರ್ಮಿಕ, ಮೈಸೂರು

ಮಗಳೇ, ನಾನು ಇಪ್ಪತ್ತೆಂಟು ವರ್ಷ ಸಂಘದ ಕೆಲಸ ಮಾಡಿದವನು, ನಿಮ್ಮ ಮುಖಂಡರು ಹೇಳಿದ ಮಾತನ್ನು ನಾನೂ ಹಲವು ಬಾರಿ ಹೇಳಿದ್ದೇನೆ. ಅದರ ತಪ್ಪು ನನಗೆ ತಿಳಿದದ್ದು ಪುಸ್ತಕದಿಂದಲ್ಲ, ನಾನೇ ಬಾಯಿಪಾಠ ಮಾಡಿಕೊಂಡಿದ್ದ ಕೂಲಿಯ ಸೂತ್ರದಿಂದ.

1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಕನಿಷ್ಠ ವೇತನಕ್ಕೆ ಒಂದು ಅಳತೆ ಹಾಕಿಕೊಟ್ಟಿತು. ಕೂಲಿಯ ಮಾತುಕತೆಗೆ ಕೂರುವ ಪ್ರತಿಯೊಬ್ಬ ಸಂಘದವನಿಗೂ ಅದು ಗೊತ್ತು. ದುಡಿಯುವವನು ಒಬ್ಬ, ಉಣ್ಣುವ ಲೆಕ್ಕ ಮೂರು ಘಟಕ: ಗಂಡಸಿಗೆ 1, ಹೆಂಡತಿಗೆ 0.8, ಇಬ್ಬರು ಮಕ್ಕಳಿಗೆ ತಲಾ 0.6. ಘಟಕಕ್ಕೆ 2,700 ಕ್ಯಾಲೊರಿ ಆಹಾರ, ತಲೆಗೆ ವರ್ಷಕ್ಕೆ 18 ಗಜ ಬಟ್ಟೆ. ಹೆಂಗಸರ ಮತ್ತು ಮಕ್ಕಳ ಸಂಪಾದನೆಯನ್ನು ಲೆಕ್ಕಕ್ಕೆ ಹಿಡಿಯಬಾರದು. ಇದು ಕಾರ್ಮಿಕನ ಪರವಾದ ಸೂತ್ರವೇ, ಅದಕ್ಕಾಗಿ ನಾವು ಹೋರಾಡಿದ್ದೇವೆ, ಇವತ್ತಿಗೂ ಅದನ್ನು ಬಿಟ್ಟುಕೊಡಬಾರದು. ಆದರೆ ಅದರಲ್ಲಿ ಅಕ್ಕಿ ಬೇಳೆಯ ತೂಕವಿತ್ತು, ಅದನ್ನು ಬೇಯಿಸುವ ಹೊತ್ತು ಇರಲಿಲ್ಲ. ಬಟ್ಟೆಯ ಗಜವಿತ್ತು, ಅದನ್ನು ಒಗೆಯುವ ಕೈ ಇರಲಿಲ್ಲ. ನಾನು ಎರಡನೇ ಪಾಳಿ ಮುಗಿಸಿ ಮಧ್ಯರಾತ್ರಿ ಮನೆಗೆ ಬಂದಾಗ ಬಿಸಿನೀರು ಕಾಯಿಸಿಟ್ಟು ಕಾಯುತ್ತಿದ್ದ ನನ್ನ ಹೆಂಡತಿಯ ದುಡಿಮೆಯ ಮೇಲೆ ಮರುದಿನದ ನನ್ನ ಮಗ್ಗ ಓಡುತ್ತಿತ್ತು. ಅವಳೂ ಬೀಡಿ ಕಟ್ಟುತ್ತಿದ್ದಳು, ಆ ಹಣ ಯಾವ ಲೆಕ್ಕಕ್ಕೂ ಬರಲಿಲ್ಲ.

ಆದ್ದರಿಂದ ‘ಮೊದಲು ಕೂಲಿ’ ಎನ್ನುವವರನ್ನು ಯಾರ ಕೂಲಿ ಎಂದು ಕೇಳಿ. ನಿಮ್ಮ ಕಾರ್ಖಾನೆಯಲ್ಲಿ ಆ ಸೂತ್ರದ ‘ದುಡಿಯುವವನು’ ನೀವೇ. ಹೆಂಗಸಿನ ಗಳಿಕೆ ಮನೆಗೆ ಕೈಯಾಸರೆ ಮಾತ್ರವೆಂಬ ನಂಬಿಕೆ ಇರುವವರೆಗೆ ಹೆಂಗಸರೇ ತುಂಬಿರುವ ಉದ್ಯಮದಲ್ಲಿ ಕೂಲಿ ಏರುವುದಿಲ್ಲ.

ಎರಡನೆಯದು, ಶಿಶುಪಾಲನಾ ಕೇಂದ್ರ. ಈ ವಿಷಯದಲ್ಲಿ ಎಚ್ಚರ ಬೇಕು. 1948ರ ಕಾರ್ಖಾನೆಗಳ ಕಾಯ್ದೆ ಹೆಂಗಸರ ತಲೆ ಎಣಿಸಿ ಆ ಹೊಣೆ ಹೊರಿಸಿತ್ತು. ಮೊದಲು 50, 1976ರ ತಿದ್ದುಪಡಿಯ ನಂತರ 30 ದಾಟಿದರೆ ಕೋಣೆ ಕೊಡಬೇಕಿತ್ತು. ಆ ಸಂಖ್ಯೆ ಮುಟ್ಟದಂತೆ ಹೆಂಗಸರನ್ನು ಕಡಿಮೆ ಮಾಡಿದ ಮಾಲೀಕರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮುಂಬೈ ಗಿರಣಿಗಳ ಕಥೆಯೂ ಇಂಥದ್ದೇ: 1929ರ ಹೆರಿಗೆ ಭತ್ಯೆ ಕಾಯ್ದೆ, ರಾತ್ರಿ ಪಾಳಿಯ ನಿಷೇಧ, ಯಂತ್ರಗಳ ಪುನರ್ವ್ಯವಸ್ಥೆ ಇವೆಲ್ಲ ಕೂಡಿದಾಗ ಮಾಲೀಕರು ಹೆಂಗಸರನ್ನು ಹೊರಗಿಡುತ್ತ ಬಂದರು, ಸಂಘಗಳು ಅದನ್ನು ಬಲವಾಗಿ ತಡೆಯಲಿಲ್ಲ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಹೆಂಗಸರನ್ನಷ್ಟೇ ಎಣಿಸದೆ ಒಟ್ಟು 50 ನೌಕರರಿದ್ದರೆ ಕೇಂದ್ರ ಇರಬೇಕೆಂದಿತು. ಇದೇ ದಾರಿಯಲ್ಲಿ ನಿಮ್ಮ ಬೇಡಿಕೆಯನ್ನೂ ಬರೆಯಿರಿ. ಹೆಲ್ಪರ್ ಹುಡುಗನ ಮಗುವೂ, ಕಟಿಂಗ್ ವಿಭಾಗದ ಗಂಡಸಿನ ಮಗುವೂ ಅಲ್ಲಿ ಇರುವಂತಾಗಲಿ. ಆಗ ಅದನ್ನು ಹೆಂಗಸರ ವಿಷಯವೆಂದು ಬದಿಗಿಡಲು ಯಾರಿಗೂ ಆಗುವುದಿಲ್ಲ.

ಪ್ರತ್ಯೇಕ ಸಮಿತಿಯ ಬಗ್ಗೆ ನನ್ನ ಅಂಜಿಕೆಯನ್ನೂ ಮುಚ್ಚಿಡುವುದಿಲ್ಲ. ನಮ್ಮ ಕಾಲದಲ್ಲಿ ಆಡಳಿತದವರೇ ಹೆಂಗಸರ ಕ್ಷೇಮ ಸಮಿತಿ ಎಂದು ಒಂದನ್ನು ಮಾಡಿ, ಸಂಘವನ್ನು ಬಿಟ್ಟು ಅದರ ಜೊತೆ ಮಾತಾಡತೊಡಗಿದ್ದರು. ಆದ್ದರಿಂದ ಸಮಿತಿಯನ್ನು ಹೆಂಗಸರೇ ಮತ ಹಾಕಿ ಆರಿಸಬೇಕು, ಆಡಳಿತದ ಜೊತೆ ಅದು ಒಂಟಿಯಾಗಿ ಕೂರಬಾರದು, ಅದರ ನಿರ್ಣಯ ಸರ್ವಸದಸ್ಯರ ಸಭೆಗೆ ಬಂದೇ ಬರಬೇಕು.

ಉತ್ತರ: ಪೌರಕಾರ್ಮಿಕರ ಸಂಘಟಕಿ, ಮೈಸೂರು

ಹಿರಿಯರು ಮತ್ತು ಅಧ್ಯಾಪಕಿಯವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಇಬ್ಬರ ಮಾತಿನಲ್ಲೂ ಜಾತಿ ಬರಲಿಲ್ಲ. ನಮ್ಮ ನಾಡಿನಲ್ಲಿ ಅದನ್ನು ಬಿಟ್ಟು ವರ್ಗದ ಮಾತನ್ನಾಗಲಿ ಹೆಣ್ಣಿನ ಮಾತನ್ನಾಗಲಿ ಆಡಲು ಬರುವುದಿಲ್ಲ.

1928ರಲ್ಲಿ ಮುಂಬೈ ಗಿರಣಿಗಳ ದೊಡ್ಡ ಮುಷ್ಕರ ನಡೆದಾಗ, ಹೆಚ್ಚು ಕೂಲಿ ಸಿಗುವ ನೇಯ್ಗೆ ವಿಭಾಗಕ್ಕೆ ದಲಿತರನ್ನು ಸೇರಿಸುತ್ತಿರಲಿಲ್ಲ. ಲಾಳಿಯ ನೂಲನ್ನು ಬಾಯಿಂದ ಎಳೆಯಬೇಕಿತ್ತು, ದಲಿತರ ಎಂಜಲು ತಾಗುತ್ತದೆಂದು ಸವರ್ಣ ಕಾರ್ಮಿಕರು ಒಪ್ಪುತ್ತಿರಲಿಲ್ಲ. ಇದನ್ನು ಬೇಡಿಕೆಗಳಲ್ಲಿ ಸೇರಿಸಿ ಎಂದು ಅಂಬೇಡ್ಕರ್ ಅವರು ಕೇಳಿದಾಗ ಮುಷ್ಕರದ ನಾಯಕರು ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು. ಆಗಲೂ ಕೇಳಿಬಂದದ್ದು ಒಗ್ಗಟ್ಟಿನ ಮಾತೇ. ಅದೇ ವರ್ಷ ಮುಂಬೈ ಶಾಸನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆಯ ಮಸೂದೆಯ ಪರವಾಗಿ ನಿಂತು, ಹೆರುವ ಹೆಂಗಸಿನ ವಿಶ್ರಾಂತಿ ದೇಶದ ಹಿತಕ್ಕೆ ಸಂಬಂಧಿಸಿದ್ದು ಎಂದು ವಾದಿಸಿದವರೂ ಅಂಬೇಡ್ಕರರೇ. ಹೆಂಗಸರ ಒಗ್ಗಟ್ಟಿಗೂ ಇದೇ ಪರೀಕ್ಷೆ ಬಂದಿದೆ. ಅಹಮದಾಬಾದಿನಲ್ಲಿ ಇಳಾ ಭಟ್ ಅವರು 1972ರಲ್ಲಿ ಕಟ್ಟಿದ ‘ಸೇವಾ’ ಸಂಘಟನೆ, 1981ರ ಮೀಸಲಾತಿ ವಿರೋಧಿ ಗಲಭೆಗಳ ವೇಳೆ ದಲಿತರ ಪರ ಮಾತಾಡಿದ್ದಕ್ಕೆ ತನ್ನ ತಾಯಿ ಸಂಘದಿಂದಲೇ ಹೊರಬೀಳಬೇಕಾಯಿತು.

ಅಕ್ಕಾ, ಈಗ ನಿಮ್ಮ ಶೌಚಾಲಯದ ಬೇಡಿಕೆಗೆ ಬರುತ್ತೇನೆ. ಟೋಕನ್ ತೆಗೆಯಲಿ ಎಂಬುದು ಸರಿಯಾದ ಬೇಡಿಕೆ. ಆ ಶೌಚಾಲಯವನ್ನು ತೊಳೆಯುವವರು ಯಾರು? ಗುತ್ತಿಗೆಯ ಮೇಲೆ ಬರುವ ಹೌಸ್‌ಕೀಪಿಂಗ್ ಹೆಂಗಸರಿರಬೇಕು, ಅವರಲ್ಲಿ ಹೆಚ್ಚಿನವರು ನಮ್ಮ ಕೇರಿಗಳವರೇ ಇರಬೇಕು. ಅವರು ನಿಮ್ಮ ಸಂಘದ ಸದಸ್ಯರೇ? ನೀವು ಹಗಲೆಲ್ಲ ಎಷ್ಟು ಬಾರಿ ಹೋಗಬೇಕೆಂಬುದು ಪಟ್ಟಿಯಲ್ಲಿದ್ದು, ಅವರಿಗೆ ಕೈಗವಸು, ಸೋಪು, ಪಿ.ಎಫ್., ಇ.ಎಸ್.ಐ. ಸಿಗುತ್ತದೆಯೇ ಎಂಬುದು ಇಲ್ಲದಿದ್ದರೆ, ನಿಮ್ಮ ಮುಖಂಡರು ನಿಮಗೆ ಹೇಳಿದ ‘ಆಮೇಲೆ’ ಎಂಬ ಮಾತನ್ನೇ ನೀವು ಅವರಿಗೆ ಹೇಳಿದಂತಾಗುತ್ತದೆ. ನೋಯಿಸಲು ಹೇಳುತ್ತಿಲ್ಲ. ಮೈಸೂರಿನ ಬೀದಿ ಗುಡಿಸುವ ನಮ್ಮವರು ಗುತ್ತಿಗೆದಾರರ ಕೈಯಿಂದ ತಪ್ಪಿಸಿಕೊಂಡು ನೇರ ಪಾವತಿಗೆ ಬರಲು ಎಷ್ಟು ವರ್ಷ ಬೇಕಾಯಿತು, ಆಗ ಬೇರೆ ಸಂಘಗಳಲ್ಲಿ ಎಷ್ಟು ಜನ ನಮ್ಮ ಜೊತೆ ನಿಂತರು ಎಂಬುದು ನೆನಪಿದೆ, ಅದಕ್ಕಾಗಿ ಕೇಳುತ್ತಿದ್ದೇನೆ.

ಉತ್ತರ: ಅಂಗನವಾಡಿ ಕಾರ್ಯಕರ್ತೆ, ತಿರುಮಕೂಡಲು ನರಸೀಪುರ

ಶಿಶುಪಾಲನಾ ಕೇಂದ್ರ ಬೇಕೆಂದು ಎಲ್ಲರೂ ಬರೆದಿದ್ದೀರಿ. ಅದರಲ್ಲಿ ಮಕ್ಕಳನ್ನು ನೋಡಿಕೊಳ್ಳುವವಳಿಗೆ ಎಷ್ಟು ಸಂಬಳ, ಅವಳು ಕಾಯಂ ನೌಕರಳೇ, ಇದನ್ನೂ ಬರೆಯಿರಿ. ನಮ್ಮ ಅನುಭವದಿಂದ ಹೇಳುತ್ತಿದ್ದೇನೆ. 1975ರ ಅಕ್ಟೋಬರ್ 2ರಂದು ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಕರ್ನಾಟಕದಲ್ಲಿ ಮೊದಲು ಶುರುವಾದದ್ದು ನಮ್ಮ ತಾಲ್ಲೂಕಿನಲ್ಲೇ. ಅಂದಿನಿಂದ ಇಂದಿನವರೆಗೆ ನಮಗೆ ಕೊಡುವುದನ್ನು ಸಂಬಳ ಎಂದು ಕರೆದಿಲ್ಲ, ಗೌರವಧನ ಎಂದೇ ಕರೆಯುತ್ತಾರೆ. 2006ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಾವು ಸರ್ಕಾರಿ ಹುದ್ದೆಯವರಲ್ಲ ಎಂದಿತು. 2022ರಲ್ಲಿ ಅದೇ ಕೋರ್ಟ್ ಗ್ರಾಚ್ಯುಟಿಗೆ ನಾವು ಅರ್ಹರು ಎಂದಿತು. ನಡುವಿನ ಹದಿನಾರು ವರ್ಷಗಳಲ್ಲಿ ನಾವು ಮಾಡಿದ ಕೆಲಸ ಬದಲಾಗಿರಲಿಲ್ಲ. 2017ರ ಮಾರ್ಚ್‌ನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್ ಬಳಿಯ ರಸ್ತೆಯಲ್ಲೇ ಹಗಲು ರಾತ್ರಿ ಕಳೆದವರಲ್ಲಿ ನಾನೂ ಇದ್ದೆ. ಮಗುವನ್ನು ನೋಡಿಕೊಳ್ಳುವುದು ಹೆಂಗಸಿಗೆ ಹುಟ್ಟುಗುಣ, ಅದಕ್ಕೆ ಕೂಲಿ ಏಕೆ ಎಂಬ ಭಾವನೆಯೇ ನಮ್ಮ ಗೌರವಧನದ ಹಿಂದಿರುವುದು.

ಹಿರಿಯರು ಹೇಳಿದ ಅಡುಗೆಯ ಹೊತ್ತಿನ ಲೆಕ್ಕವನ್ನು ಈಗ ಗೃಹಲಕ್ಷ್ಮಿ ತುಂಬಿಕೊಡುತ್ತಿದೆಯಲ್ಲವೇ ಎಂದು ನಮ್ಮೂರಲ್ಲಿ ಕೆಲವರು ಕೇಳುತ್ತಾರೆ. ಅಧ್ಯಾಪಕಿಯವರು ಇದಕ್ಕೆ ಏನು ಹೇಳುತ್ತಾರೆ?

ಉತ್ತರ: ಇತಿಹಾಸ ಅಧ್ಯಾಪಕಿ, ಮಂಡ್ಯ

2023ರ ಆಗಸ್ಟ್ 30ರಂದು ಮೈಸೂರಿನಲ್ಲೇ ಗೃಹಲಕ್ಷ್ಮಿ ಉದ್ಘಾಟನೆಯಾದಾಗ ನನಗೂ 1972ರ ಇಟಲಿ ನೆನಪಾಗಿತ್ತು. ಮರಿಯರೋಸಾ ದಲ್ಲಾ ಕೋಸ್ತಾ, ಸೆಲ್ಮಾ ಜೇಮ್ಸ್ ಮೊದಲಾದವರು ಮನೆಗೆಲಸಕ್ಕೆ ಕೂಲಿ ಕೊಡಿ ಎಂಬ ಚಳವಳಿ ಶುರುಮಾಡಿದ್ದು ಆಗ. ಆದರೆ ಎರಡೂ ಒಂದೇ ಅಲ್ಲ. ತಿಂಗಳಿಗೆ 2,000 ರೂಪಾಯಿ ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದು ನಮೂದಾದವಳಿಗೆ ಬರುತ್ತದೆ. ಅದೇ ಮನೆಯಲ್ಲಿ ಪಾತ್ರೆ ತೊಳೆಯುವ ಸೊಸೆಗೆ ಬರುವುದಿಲ್ಲ. ಅಂದರೆ ಅದು ಕೆಲಸಕ್ಕೆ ಕೊಡುವ ಕೂಲಿಯಲ್ಲ, ಕುಟುಂಬಕ್ಕೆ ಕೊಡುವ ನೆರವು. ಆ ಹಣ ಹೆಂಗಸಿನ ಖಾತೆಗೆ ಬರುವುದರ ಬೆಲೆಯನ್ನು ನಾನು ಕಡಿಮೆ ಮಾಡುವುದಿಲ್ಲ, ಮುಷ್ಕರದ ತಿಂಗಳಲ್ಲಿ ಒಲೆ ಉರಿಯಲು ಅದು ನೆರವಾಗಬಲ್ಲದು. ಆ ಚಳವಳಿಯ ಹೆಂಗಸರ ಮುಖ್ಯ ಮಾತು ಬೇರೆಯಿತ್ತು: ಮರುದಿನ ಕಾರ್ಖಾನೆಗೆ ಹೋಗಬಲ್ಲ ಕಾರ್ಮಿಕನನ್ನು ಪ್ರತಿದಿನ ಸಿದ್ಧಮಾಡಿ ಕಳಿಸುವ ದುಡಿಮೆಯೂ ಬಂಡವಾಳಕ್ಕೆ ಸೇರಿದ್ದೇ, ಆದ್ದರಿಂದ ವರ್ಗ ಹೋರಾಟ ಅಡುಗೆಮನೆಯಲ್ಲೂ ಇದೆ.

ಪ್ರಶ್ನೆ ಕೇಳಿದವರು: ಮದ್ದೂರು ತಾಲ್ಲೂಕು

ಎಲ್ಲರ ಮಾತನ್ನೂ ಎರಡು ಬಾರಿ ಓದಿದೆ. ಮೈಸೂರಿನ ಅಕ್ಕ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮಲ್ಲಿ ಹೌಸ್‌ಕೀಪಿಂಗ್ ಕೆಲಸಕ್ಕೆ ಹದಿನಾಲ್ಕು ಹೆಂಗಸರು ಬರುತ್ತಾರೆ, ಹನ್ನೊಂದು ವರ್ಷಗಳಲ್ಲಿ ಅವರಲ್ಲಿ ಒಬ್ಬರನ್ನೂ ನಾನು ಗೇಟ್ ಮೀಟಿಂಗಿಗೆ ಕರೆದಿಲ್ಲ. ನಿನ್ನೆ ಊಟದ ಹೊತ್ತಿನಲ್ಲಿ ಮೂವರ ಜೊತೆ ಕೂತು ಮಾತಾಡಿದೆ. ಅವರಿಗೆ ಕೂಲಿ ಚೀಟಿಯೇ ಕೊಡುವುದಿಲ್ಲವಂತೆ, ಗುತ್ತಿಗೆದಾರ ಪಿ.ಎಫ್. ಕಟ್ಟುತ್ತಿದ್ದಾನೋ ಇಲ್ಲವೋ ಅವರಿಗೆ ಗೊತ್ತಿಲ್ಲ.

ಭಾನುವಾರ ಹನ್ನೊಂದು ಗಂಟೆಗೆ ಹೆಂಗಸರ ಸಭೆ ಕರೆದಿದ್ದೇವೆ, ಏಕೆಂದರೆ ನಮ್ಮ ಸಮಿತಿ ಸೇರುವ ಸಂಜೆ ಏಳು ಗಂಟೆಯ ಹೊತ್ತಿಗೆ ಕಂಪನಿಯ ಬಸ್ಸು ಹೊರಟುಹೋಗಿರುತ್ತದೆ, ಮನೆಯಲ್ಲಿ ಮುದ್ದೆಗೆ ಎಸರಿಡುವ ಸಮಯವೂ ಅದೇ. ಮಕ್ಕಳನ್ನು ಕರೆತರಲಿ ಎಂದು ಹೇಳಿದ್ದೇವೆ, ಕಟಿಂಗ್ ವಿಭಾಗದ ಇಬ್ಬರು ಅಣ್ಣಂದಿರು ನೋಡಿಕೊಳ್ಳಲು ಒಪ್ಪಿದ್ದಾರೆ. ಆ ಸಭೆಯಲ್ಲಿ ಐದು ಜನರನ್ನು ಮತ ಹಾಕಿ ಆರಿಸುತ್ತೇವೆ, ಅವರಲ್ಲಿ ಒಬ್ಬರು ಹೌಸ್‌ಕೀಪಿಂಗ್‌ನವರು. ಬರೆದ ಬೇಡಿಕೆಗಳು ಸರ್ವಸದಸ್ಯರ ಸಭೆಗೆ ಹೋಗುತ್ತವೆ.

ನಮ್ಮ ಮುಖಂಡರಿಗೆ 1957ರ ಸೂತ್ರದ ವಿಷಯ ಹೇಳಿದೆ. ಅವರಿಗೆ ಅದು ಬಾಯಿಪಾಠವಿತ್ತು, 0.8ರ ತನಕ ಹೇಳಿ ಅಲ್ಲಿ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನಾದರು. ಬೇಡಿಕೆ ಪಟ್ಟಿಯಲ್ಲಿ ಕೂಲಿಯ ಕೆಳಗೆ ಎರಡನೆಯದಾಗಿ ಎಲ್ಲ ನೌಕರರ ಮಕ್ಕಳಿಗೆ ಶಿಶುಪಾಲನಾ ಕೇಂದ್ರ, ಅದಕ್ಕೆ ಕಾಯಂ ಆಯಾ, ಎಂದು ಬರೆದುಕೊಳ್ಳಲು ಒಪ್ಪಿದ್ದಾರೆ. ಸೂಪರ್‌ವೈಸರ್ ವಿಷಯದಲ್ಲಿ ಅವರು ಇನ್ನೂ ಒಪ್ಪಿಲ್ಲ. ಅವನೂ ನಮ್ಮ ಸಂಘದ ಸದಸ್ಯನೇ ಎನ್ನುತ್ತಾರೆ. ಭಾನುವಾರದ ಸಭೆಯಲ್ಲಿ ಮೊದಲು ಅದನ್ನೇ ಎತ್ತಿಕೊಳ್ಳುತ್ತೇವೆ.